ಬೆಳ್ಳಿಯೊಳಗಿನ ಚಿನ್ನ

ರೋಮಿನ ಹಿರಿಯ ಪ್ಲಿನಿ ತನ್ನ ‘ನಿಸರ್ಗ ಚರಿತ್ರೆ’ಯ ಆರನೆಯ ಭಾಗದಲ್ಲಿ ಸಿಂಹಳದ ಪ್ರಸಂಗವೊಂದನ್ನು ಹೇಳುತ್ತಾನೆ. ಕೆಂಪು ಸಮುದ್ರದ ಸುಂಕ ವಸೂಲಿಯನ್ನು ಗುತ್ತಿಗೆ ಹಿಡಿದಿದ್ದ ಆನಿಯಸ್ ಪ್ಲೊಕಾಮಸ್ ಎಂಬವನ ಆಳೊಬ್ಬ, ದಾಸ್ಯದಿಂದ ಬಿಡುಗಡೆ ಪಡೆದವನು, ಅರೇಬಿಯಾದ ಸುತ್ತ ಹಡಗಿನಲ್ಲಿ ಹೋಗುವಾಗ ಬಿರುಗಾಳಿಗೆ ಸಿಕ್ಕಿ ಸಿಂಹಳದ ದಡ ಸೇರಿದ. ಅವನಿಂದ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳನ್ನು ಅಲ್ಲಿನ ಅರಸ ಗಮನಿಸಿದ. ನಾಣ್ಯಗಳ ಮೇಲಿದ್ದ ಮುಖಗಳು ಬೇರೆ ಬೇರೆ, ಅಂದರೆ ಅವನ್ನು ಹೊಡೆಸಿದ ದೊರೆಗಳೂ ಬೇರೆ ಬೇರೆ. ತೂಕ ಮಾತ್ರ ಎಲ್ಲಕ್ಕೂ ಒಂದೇ. ಇಂಥ ನಾಣ್ಯ ಹೊಡೆಯುವವರು ನ್ಯಾಯವಂತರೇ ಇರಬೇಕೆಂದು ಮೆಚ್ಚಿದ ಅರಸ ರೋಮಿಗೆ ರಾಯಭಾರಿಗಳನ್ನು ಕಳಿಸಿದನಂತೆ.

ಕತೆ ಎಷ್ಟರಮಟ್ಟಿಗೆ ನಿಜವೋ, ಅದರಲ್ಲಿರುವ ಪರೀಕ್ಷೆಯ ಕ್ರಮವಂತೂ ಗಟ್ಟಿಯಾದದ್ದು. ಅರಸ ಬರೀ ಮುಖ ನೋಡಿ ನಂಬಲಿಲ್ಲ, ಬರೀ ತೂಕ ನೋಡಿಯೂ ನಂಬಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗುಣಗಳು ಒಂದೇ ಮಾತನ್ನು ಹೇಳುತ್ತವೆಯೇ ಎಂದು ನೋಡಿದ. ಎರಡು ಸಾವಿರ ವರ್ಷಗಳಲ್ಲಿ ಕ್ಷ-ಕಿರಣ ಯಂತ್ರ, ಸೂಕ್ಷ್ಮದರ್ಶಕಗಳು ಬಂದಿವೆ. ಸಾಕ್ಷಿಗಳ ಸಂಖ್ಯೆ ಹೆಚ್ಚಿದೆಯೇ ಹೊರತು ಕ್ರಮ ಬದಲಾಗಿಲ್ಲ.

ಬೆಂಗಳೂರಿನ ಎರಡು ನಿಧಿಗಳು

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಾದಿಗಾಗಿ ನೆಲ ಅಗೆಯುವಾಗ ಮಣ್ಣಿನ ಮಡಕೆಯೊಂದು ಸಿಕ್ಕಿತು. ಅದರಲ್ಲಿದ್ದವು 163 ಬೆಳ್ಳಿ ನಾಣ್ಯಗಳು. ಆಗಸ್ಟಸ್, ಟೈಬೀರಿಯಸ್‌ರಿಂದ ಕ್ಲಾಡಿಯಸ್‌ವರೆಗಿನ ರೋಮನ್ ದೊರೆಗಳ ಕಾಲದವು. 1965ರಲ್ಲಿ ಅದೇ ಊರಿನ ಇನ್ನೊಂದು ತುದಿಯಲ್ಲಿ, ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ, 256 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ನಡೆಸಿದ ಉತ್ಖನನಗಳಲ್ಲಿ ಇಂಥ ನಾಣ್ಯಗಳು ಸಾತವಾಹನರ ಕಾಲದ ಮಣ್ಣಿನ ಪದರಗಳ ನಂಟಿನೊಂದಿಗೆ ಕಾಣಿಸಿಕೊಂಡವು.

ಎಚ್‌ಎಎಲ್‌ನಿಂದ ಮೂಡಣಕ್ಕೆ ಹೊರಟರೆ ಸುಮಾರು 40 ಕಿ.ಮೀ. ದೂರದಲ್ಲಿ ಮಾಲೂರು. ಅದರಾಚೆ ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು. ಮುಳಬಾಗಿಲು ದಾಟಿದರೆ ಪ್ರಸ್ಥಭೂಮಿ ಇಳಿದು ತಮಿಳು ಬಯಲು ಸೇರುವ ದಾರಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬಿಸುತ್ತಾ ಹರಿಯುವ ಪಾಲಾರ್ ಕೂಡ ಅದೇ ದಿಕ್ಕಿಗೆ ಇಳಿದು ಬಂಗಾಳ ಕೊಲ್ಲಿ ಸೇರುತ್ತದೆ. ಆ ಕರಾವಳಿಯಲ್ಲೇ, ಪುದುಚೇರಿಯ ಪಕ್ಕದ ಅರಿಕಮೇಡುವಿನಲ್ಲಿ, 1945ರಲ್ಲಿ ವೀಲರ್ ರೋಮನ್ ಮಡಕೆ ಕುಡಿಕೆಗಳನ್ನು ಅಗೆದು ತೆಗೆದದ್ದು.

ಚಿನ್ನದ ನಾಡೆಂದು ಹೆಸರಾದ ಈ ಭಾಗಕ್ಕೆ ಹೊರಗಿನ ಬೆಳ್ಳಿ ಏಕೆ ಬೇಕಿತ್ತು? ದಕ್ಷಿಣದಲ್ಲಿ ಚಿನ್ನದ ಗಣಿಗಳಿದ್ದವು, ಹೇಳಿಕೊಳ್ಳುವಂಥ ಬೆಳ್ಳಿ ಗಣಿ ಇರಲಿಲ್ಲ. ರಾಜಸ್ಥಾನದ ಬೆಟ್ಟಗಳಲ್ಲಿ ಸೀಸದ ಅದಿರಿನೊಂದಿಗೆ ಬೆಳ್ಳಿ ಸಿಗುತ್ತಿತ್ತು, ಅದೂ ದೂರದ ಮಾತು. ರೋಮಿನ ವರ್ತಕರಿಗೆ ಮೆಣಸು, ಮುತ್ತು, ಹರಳು, ನವಿರಾದ ಬಟ್ಟೆ ಬೇಕಿತ್ತು. ಇಲ್ಲಿಯವರಿಗೆ ಅವರ ಸರಕಿಗಿಂತ ಅವರ ನಾಣ್ಯ ಬೇಕಿತ್ತು. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಎಳೆದುಕೊಳ್ಳುತ್ತಿದೆ ಎಂದು ಪ್ಲಿನಿ ಗೊಣಗಿದ್ದು ಇದಕ್ಕೇ. ನಾಲ್ಕು ಸೆಸ್ಟರ್ಸಿಗೆ ಒಂದು ಡಿನೇರಿಯಸ್, ಹಾಗಾಗಿ ಅದು 1 ಕೋಟಿ 25 ಲಕ್ಷ ಬೆಳ್ಳಿ ನಾಣ್ಯಗಳ ಬೆಲೆ. ಪ್ಲಿನಿ ಉತ್ಪ್ರೇಕ್ಷೆಯ ಮನುಷ್ಯ, ಆದರೆ ನೆಲ ಅವನ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ತೆಲಂಗಾಣದ ನಲ್ಗೊಂಡ ಜಿಲ್ಲೆಯ ಅಕ್ಕನಪಲ್ಲಿಯೊಂದರಲ್ಲೇ 1531 ಡಿನೇರಿಯಸ್‌ಗಳು ಸಿಕ್ಕಿವೆ.

ಹೀಗಿರುವಾಗ ಕೋಲಾರ ಸೀಮೆಯ ಗಿರವಿ ಅಂಗಡಿಗೋ ಹಳೆ ನಾಣ್ಯ ಕೂಡಿಡುವವರ ಕೈಗೋ ‘ರೋಮನ್ ಬೆಳ್ಳಿ’ ಎಂಬ ಹೆಸರಿನ ಬಿಲ್ಲೆ ಬಂದರೆ ಅದನ್ನು ಕಣ್ಣುಮುಚ್ಚಿ ಖೋಟಾ ಎನ್ನುವಂತಿಲ್ಲ, ಹಾಗೆಂದು ನಂಬುವಂತೆಯೂ ಇಲ್ಲ.

ಮುಖ ಓದುವುದು

ಮೊದಲ ಕೆಲಸ, ನಾಣ್ಯ ತಾನು ಏನೆಂದು ಹೇಳಿಕೊಳ್ಳುತ್ತಿದೆ ಎಂದು ತಿಳಿಯುವುದು. ರೋಮನ್ ನಾಣ್ಯದ ಬರಹ ಅಂಚಿನ ಉದ್ದಕ್ಕೂ ಸುತ್ತಿಕೊಂಡಿರುತ್ತದೆ. ಪದಗಳ ನಡುವೆ ಬಿಡುವಿಲ್ಲ, ಹೆಚ್ಚಿನ ಪದಗಳು ಮೊಟಕು, ‘ಯು’ ಬರಬೇಕಾದಲ್ಲೆಲ್ಲ ‘ವಿ’ ಆಕಾರದ ಅಕ್ಷರ. ಇಷ್ಟು ಗೊತ್ತಿದ್ದರೆ ಲ್ಯಾಟಿನ್ ಬಾರದವರೂ ದೊರೆಯ ಹೆಸರನ್ನು ಬಿಡಿಸಿಕೊಳ್ಳಬಹುದು. ಹೆಸರಿನ ಜೊತೆಗೆ ಪದವಿಗಳು ಬರುತ್ತವೆ. ಜನಪ್ರತಿನಿಧಿಯ ಅಧಿಕಾರವನ್ನು ದೊರೆ ವರ್ಷ ವರ್ಷವೂ ನವೀಕರಿಸಿಕೊಳ್ಳುತ್ತಿದ್ದುದರಿಂದ ಆ ಪದವಿಯ ಮುಂದಿನ ಅಂಕಿ ನಾಣ್ಯದ ವರ್ಷವನ್ನೇ ಹೇಳಿಬಿಡುತ್ತದೆ. ಕ್ಲಾಡಿಯಸ್ ಪಟ್ಟಕ್ಕೆ ಬಂದದ್ದು ಕ್ರಿ.ಶ. 41ರ ಜನವರಿಯಲ್ಲಿ. ಅವನ ನಾಣ್ಯದಲ್ಲಿ ಆ ಅಂಕಿ 11 ಎಂದಿದ್ದರೆ ಅದು ಕ್ರಿ.ಶ. 51ರ ಹೊತ್ತಿನದು.

ದಕ್ಷಿಣ ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ಎರಡು ಮಾದರಿಗಳದ್ದೇ ಮೇಲುಗೈ. ಒಂದು ಆಗಸ್ಟಸ್‌ನದು. ಮುಂಬದಿಯಲ್ಲಿ ಎಲೆಮಾಲೆ ತೊಟ್ಟು ಬಲಕ್ಕೆ ನೋಡುವ ತಲೆ. ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸ್ ಎದುರೆದುರು ನಿಂತಿದ್ದಾರೆ, ನಡುವೆ ಎರಡು ಗುರಾಣಿ, ಎರಡು ಭರ್ಜಿ, ಮೇಲೆ ಪೂಜೆಯ ಸೌಟು ಮತ್ತು ಶಕುನ ನೋಡುವವನ ಬಾಗಿದ ಕೋಲು. ಆಗಸ್ಟಸ್ ಇಬ್ಬರನ್ನೂ ದತ್ತು ತೆಗೆದುಕೊಂಡು ಉತ್ತರಾಧಿಕಾರಿಗಳೆಂದು ಸಾರಿದ್ದ. ಲೂಸಿಯಸ್ ಕ್ರಿ.ಶ. 2ರಲ್ಲಿ, ಗೇಯಸ್ ಕ್ರಿ.ಶ. 4ರಲ್ಲಿ ತೀರಿಕೊಂಡರು. ಇನ್ನೊಂದು ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸ್‌ನದು. ಹಿಂಬದಿಯಲ್ಲಿ ರಾಜದಂಡ ಮತ್ತು ಗಿಡದ ರೆಂಬೆ ಹಿಡಿದು ಕುಳಿತ ಹೆಣ್ಣು, ಸುತ್ತ ‘ಮಹಾ ಪುರೋಹಿತ’ ಎಂಬರ್ಥದ ಬರಹ. ಎರಡೂ ಇಂದಿನ ಫ್ರಾನ್ಸಿನ ಲಿಯಾನ್ ಊರಿನ ಟಂಕಸಾಲೆಯ ಕೆಲಸ. ಬೈಬಲಿನಲ್ಲಿ ಏಸು ತರಿಸಿ ನೋಡಿ ಮಾತನಾಡುವ ತೆರಿಗೆಯ ನಾಣ್ಯ ಇದೇ ಎಂಬ ನಂಬಿಕೆಯಿಂದ ಟೈಬೀರಿಯಸ್‌ನ ನಾಣ್ಯಕ್ಕೆ ಲೋಕದಾದ್ಯಂತ ಗಿರಾಕಿ. ಗಿರಾಕಿ ಇರುವಲ್ಲಿ ಖೋಟಾವೂ ಹೆಚ್ಚು.

‘ರೋಮನ್ ಇಂಪೀರಿಯಲ್ ಕಾಯ್ನೇಜ್’ ಎಂಬ ಪಟ್ಟಿಕೆಯ ಮೊದಲ ಸಂಪುಟದಲ್ಲಿ ಈ ಮೊಮ್ಮಕ್ಕಳ ಮಾದರಿಗೆ 207, ಟೈಬೀರಿಯಸ್‌ನ ಹೆಣ್ಣಿನ ಮಾದರಿಗೆ 30 ಎಂಬ ಅಂಕಿ ಕೊಟ್ಟಿದ್ದಾರೆ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಇದೇ ಪಟ್ಟಿಕೆಯನ್ನು ಚಿತ್ರಗಳ ಸಮೇತ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಮೊಬೈಲಿನಲ್ಲಿ ಅದನ್ನು ತೆರೆದು ಪಕ್ಕದಲ್ಲಿ ನಾಣ್ಯ ಹಿಡಿದರೆ ಅರ್ಧ ಗುರುತು ಆದಂತೆ. ಮುಂಬದಿ ಒಬ್ಬ ದೊರೆಯದು, ಹಿಂಬದಿ ಇನ್ನೊಬ್ಬನ ಕಾಲದ್ದು ಎಂದು ಕಂಡುಬಂದರೆ ಎಚ್ಚರವಾಗಬೇಕು. ಅಕ್ಷರಗಳು ಅಕ್ಷರಗಳಂತೆ ಕಂಡರೂ ಓದಲು ಬಾರದ ಗೀಟುಗಳಾಗಿದ್ದರೂ ಅಷ್ಟೇ. ಆದರೆ ಎಸೆಯಬಾರದು. ಲ್ಯಾಟಿನ್ ಬಾರದ ಕುಶಲಿಗರು ಆ ಕಾಲದಲ್ಲೇ ಭಾರತದಲ್ಲಿ ರೋಮನ್ ನಾಣ್ಯಗಳನ್ನು ಅನುಕರಿಸಿದ್ದಾರೆ. ಮಹಾರಾಷ್ಟ್ರದ ತೇರ್, ತೆಲಂಗಾಣದ ಕೊಂಡಾಪುರಗಳಲ್ಲಿ ಅವುಗಳ ಮಣ್ಣಿನ ಅಚ್ಚುಗಳನ್ನೇ ಒಡವೆ ಮಾಡಿ ಧರಿಸಿದ್ದರು.

ತೂಕ ಮತ್ತು ನೀರು

ಆಗಸ್ಟಸ್‌ನ ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ಡಿನೇರಿಯಸ್ ಎಂಬ ಲೆಕ್ಕ. ಅಂದರೆ ಒಂದೊಂದೂ 3.9 ಗ್ರಾಮಿನ ಆಸುಪಾಸು. ಸವೆದದ್ದು ಅದಕ್ಕಿಂತ ಸ್ವಲ್ಪ ಕಡಿಮೆ ತೂಗುತ್ತದೆ. ಮನೆಮನೆಯ ಪೆಟ್ಟಿಗೆಯಲ್ಲಿರುವ ವಿಕ್ಟೋರಿಯಾ ರಾಣಿಯ ರೂಪಾಯಿ 11.66 ಗ್ರಾಂ, ಡಿನೇರಿಯಸ್ ಅದರ ಮೂರನೇ ಒಂದು ಪಾಲು. ಅಡ್ಡಗಲ 18ರಿಂದ 20 ಮಿಲಿಮೀಟರ್. ಕ್ರಿ.ಶ. 64ರಲ್ಲಿ ನೀರೋ ಪೌಂಡಿಗೆ 96 ನಾಣ್ಯ ಹೊಡೆಸಿ ತೂಕವನ್ನು 3.4 ಗ್ರಾಮಿಗೆ ಇಳಿಸಿದ. ಆದ್ದರಿಂದ ಟೈಬೀರಿಯಸ್‌ನ ಮುಖವಿರುವ, ಸವೆಯದ, ಲಕಲಕ ಹೊಳೆಯುವ ನಾಣ್ಯ 2.8 ಗ್ರಾಂ ತೂಗಿದರೆ ಮುಖ ಮತ್ತು ತೂಕ ಒಂದೇ ಮಾತು ಆಡುತ್ತಿಲ್ಲ ಎಂದರ್ಥ.

ಮುಂದಿನ ಪರೀಕ್ಷೆ ಆರ್ಕಿಮಿಡೀಸನದು. ಗಾಳಿಯಲ್ಲಿ ಒಮ್ಮೆ, ತೆಳು ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಬೇಕು. ಗಾಳಿಯ ತೂಕವನ್ನು ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿದರೆ ಬರುವುದು ಸಾಪೇಕ್ಷ ಸಾಂದ್ರತೆ. ಅಪ್ಪಟ ಬೆಳ್ಳಿಗೆ 10.5, ತಾಮ್ರಕ್ಕೆ 8.96, ತವರಕ್ಕೆ 7.3, ಸೀಸಕ್ಕೆ 11.3. ಹತ್ತರಲ್ಲಿ ಒಂದು ಪಾಲು ತಾಮ್ರ ಬೆರೆಸಿದ ಬೆಳ್ಳಿಗೆ 10.3ರ ಸಮೀಪ. 3.80 ಗ್ರಾಮಿನ ಒಳ್ಳೆಯ ಡಿನೇರಿಯಸ್ ನೀರಿನಲ್ಲಿ 0.36 ಗ್ರಾಂ ಹಗುರಾಗುತ್ತದೆ, ಅಷ್ಟೇ ತೂಕದ ತಾಮ್ರದ ಬಿಲ್ಲೆಯಾದರೆ 0.42 ಗ್ರಾಂ.

ಅಂತರ ಎಷ್ಟು ಚಿಕ್ಕದು ನೋಡಿ, ಗ್ರಾಮಿನ ನೂರರಲ್ಲಿ ಆರು ಭಾಗ. ನೂರನೆಯ ಭಾಗದವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ ಕೊನೆಯ ಅಂಕಿ ಒಂದು ಆಚೀಚೆಯಾದರೂ ಉತ್ತರ 10.3ರಿಂದ 10.9ರವರೆಗೆ ಓಲಾಡುತ್ತದೆ. ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು, ನಾಣ್ಯಕ್ಕೆ ಅಂಟಿದ ಗುಳ್ಳೆಗಳನ್ನು ಕೊಡವಬೇಕು. ಇಷ್ಟಾದ ಮೇಲೂ ಸಾಂದ್ರತೆ ಹೇಳುವುದು ‘ಇದು ತಾಮ್ರವಲ್ಲ, ತವರವಲ್ಲ’ ಎಂಬುದನ್ನಷ್ಟೇ. ಹಳೆಯ ಬೆಳ್ಳಿಯೋ ಹೊಸದೋ ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ. ತಾಮ್ರ, ಸೀಸಗಳನ್ನು ಹದವಾಗಿ ಬೆರೆಸಿ 10.5ರ ಹತ್ತಿರಕ್ಕೆ ತರುವುದೂ ಅಸಾಧ್ಯವಲ್ಲ.

ಏಟು ಬಿದ್ದ ಗುರುತು

ರೋಮಿನವರು ಡಿನೇರಿಯಸ್‌ಗಳನ್ನು ಎರಕ ಹೊಯ್ಯುತ್ತಿರಲಿಲ್ಲ, ಹೊಡೆಯುತ್ತಿದ್ದರು. ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ, ಅದರ ಮೇಲೆ ಬೆಳ್ಳಿಯ ಬಿಲ್ಲೆ, ಮೇಲಿನ ಅಚ್ಚು ಒಬ್ಬನ ಕೈಯಲ್ಲಿ, ಸುತ್ತಿಗೆ ಇನ್ನೊಬ್ಬನ ಕೈಯಲ್ಲಿ. ಏಟು ಬಿದ್ದಾಗ ಬೆಳ್ಳಿ ಹೊರಕ್ಕೆ ಹರಡುತ್ತದೆ, ನಿಪ್ಪಟ್ಟು ತಟ್ಟುವಾಗ ಅಂಚು ಬಿರಿಯುವಂತೆ ನಾಣ್ಯದ ಅಂಚಿನಲ್ಲೂ ಬಿರುಕು ಬಿಡುತ್ತದೆ. ಚಿತ್ರ ನಟ್ಟನಡುವೆ ಬೀಳುವುದು ಅಪರೂಪ, ಒಂದು ಬದಿಯಲ್ಲಿ ಅಕ್ಷರಗಳು ಅಂಚಿನಾಚೆ ಹೋಗಿಬಿಟ್ಟಿರುತ್ತವೆ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿದರೆ ಅಕ್ಷರಗಳ ಬುಡದಿಂದ ಅಂಚಿನ ಕಡೆಗೆ ಲೋಹ ಹರಿದ ಸಣ್ಣ ಗೆರೆಗಳು ಕಾಣುತ್ತವೆ.

ಎರಕದ ನಾಣ್ಯದಲ್ಲಿ ಇವಾವುವೂ ಸಹಜವಾಗಿ ಬರುವುದಿಲ್ಲ. ಅಸಲಿ ನಾಣ್ಯವನ್ನು ಒತ್ತಿ ತೆಗೆದ ಅಚ್ಚಿಗೆ ಕರಗಿದ ಲೋಹ ಸುರಿದಾಗ ಗಾಳಿ ಸಿಕ್ಕಿಕೊಂಡು ಸೂಜಿಮೊನೆಯಷ್ಟು ಗುಂಡಿಗಳು ಉಳಿಯುತ್ತವೆ. ಅಕ್ಷರಗಳ ಮೂಲೆಗಳು ಮೊಂಡಾಗುತ್ತವೆ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಅಂಚಿನ ಸುತ್ತ ಒಂದು ಗೆರೆ ಮೂಡುತ್ತದೆ, ಅದನ್ನು ಅರದಿಂದ ಉಜ್ಜಿದ್ದರೆ ಉಜ್ಜಿದ ಗೀರುಗಳು ಇರುತ್ತವೆ. ಆದ್ದರಿಂದ ಅನುಭವಸ್ಥರು ನಾಣ್ಯವನ್ನು ಕೈಗೆತ್ತಿಕೊಂಡಾಗ ದೊರೆಯ ಮುಖಕ್ಕಿಂತ ಮೊದಲು ಅಂಚನ್ನು ನೋಡುತ್ತಾರೆ. ಬಲೆ ಬೀಸುವ ವಂಚಕನೂ ಹೆಚ್ಚು ಸೋಮಾರಿಯಾಗುವುದು ಅಂಚಿನಲ್ಲೇ.

ಇನ್ನೊಂದು ಸುಲಭ ಸೂತ್ರ: ಕೈಯಿಂದ ಹೊಡೆದ ನಾಣ್ಯಗಳಲ್ಲಿ ಅವಳಿಗಳಿಲ್ಲ. ಒಂದೇ ಅಚ್ಚಿನಿಂದ ಬಂದ ಎರಡು ನಾಣ್ಯಗಳಲ್ಲಿ ಮುಖ ಒಂದೇ ಇರಬಹುದು. ಬಿಲ್ಲೆಯ ಆಕಾರ, ಬಿರುಕು ಬಿಟ್ಟ ಜಾಗ, ಚಿತ್ರ ಸರಿದ ದಿಕ್ಕು ಒಂದೇ ಇರಲಾರವು. ಮಾರಲು ಬಂದವನ ಚೀಲದಲ್ಲಿ ಒಂದೇ ಜಾಗದಲ್ಲಿ ಒಂದೇ ಬಗೆಯ ಬಿರುಕಿರುವ ಎರಡು ಟೈಬೀರಿಯಸ್‌ಗಳಿದ್ದರೆ ಎರಡೂ ಎರಕ, ಇಲ್ಲವೇ ಒಂದು ಇನ್ನೊಂದರ ನಕಲು.

ಹೊಡೆದು ಮಾಡಿದ ಖೋಟಾ ಇನ್ನೂ ಕಷ್ಟದ್ದು. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಗ್ರೀಕ್, ರೋಮನ್ ನಾಣ್ಯಗಳ ಅಚ್ಚುಗಳನ್ನು ಉಕ್ಕಿನಲ್ಲಿ ತಾನೇ ಕೊರೆದು, ಹಳೆಯ ಕ್ರಮದಲ್ಲೇ ಹೊಡೆಯುತ್ತಿದ್ದ. ಹೊಸ ಹೊಳಪು ಕಳೆಯಲು ನಾಣ್ಯಗಳನ್ನು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿ ಹಾಕಿ, ಅದನ್ನು ಕುದುರೆ ಗಾಡಿಗೆ ಕಟ್ಟಿ ಓಡಿಸುತ್ತಿದ್ದನಂತೆ. ಕೈಕೆಲಸದಲ್ಲಿ ಅವನು ರೋಮಿನ ಅಚ್ಚುಗಾರರಿಗೆ ಸರಿಸಾಟಿ. ಅವನ ನಾಣ್ಯಗಳನ್ನು ಹಿಡಿದುಕೊಡುವುದು ಅವನ ಅಚ್ಚುಗಳೇ. ಅವು ಇಂದು ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಯಾವ ನಾಣ್ಯವನ್ನಾದರೂ ಅವುಗಳೊಂದಿಗೆ ಹೋಲಿಸಬಹುದು.

ಅಂದಿನ ಖೋಟಾ

ಇಲ್ಲಿಯವರೆಗಿನ ಪರೀಕ್ಷೆಗಳ ಹಿಂದೆ ‘ಹಳೆಯದೆಲ್ಲ ಅಸಲಿ, ಹೊಸದೆಲ್ಲ ನಕಲಿ’ ಎಂಬ ಎಣಿಕೆಯಿದೆ. ರೋಮಿನವರು ಅದನ್ನು ಕೇಳಿ ನಗುತ್ತಿದ್ದರು. ತಾಮ್ರದ ಬಿಲ್ಲೆಗೆ ತೆಳು ಬೆಳ್ಳಿ ತಗಡು ಸುತ್ತಿ, ಕಾಯಿಸಿ ಅಂಟಿಸಿ, ಅಚ್ಚಿನಿಂದ ಹೊಡೆದ ಗಿಲೀಟು ಡಿನೇರಿಯಸ್‌ಗಳು ಅವರ ಸಂತೆಯಲ್ಲೇ ಹರಿದಾಡುತ್ತಿದ್ದವು. ಕ್ರಿ.ಪೂ. 85ರಲ್ಲಿ ಮಾರಿಯಸ್ ಗ್ರಾಟಿಡಿಯಾನಸ್ ಎಂಬ ಅಧಿಕಾರಿ ಡಿನೇರಿಯಸ್‌ಗಳನ್ನು ಪರೀಕ್ಷಿಸುವ ಕಾನೂನು ತಂದಾಗ ರೋಮಿನ ಜನ ಬೀದಿಬೀದಿಯಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಗಡಿಯಾಚೆಯ ಜರ್ಮನರು ಅಂಚಿನಲ್ಲಿ ಗರಗಸದ ಹಲ್ಲುಗಳಿರುವ ಹಳೆಯ ನಾಣ್ಯಗಳನ್ನೇ ಆರಿಸಿ ತೆಗೆದುಕೊಳ್ಳುತ್ತಿದ್ದರೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅಂಚು ಕತ್ತರಿಸಿದ್ದರೆ ಒಳಗಿನ ಲೋಹ ಕಾಣುತ್ತದಲ್ಲ! ವಂಚಕರು ಬಿಟ್ಟಾರೆಯೇ? ಹಲ್ಲು ಕೊಯ್ದ ತಾಮ್ರಕ್ಕೇ ಬೆಳ್ಳಿ ಹೊದಿಸಿದರು. ಅಂಥವೂ ಸಿಕ್ಕಿವೆ.

ಭಾರತಕ್ಕೂ ಇಂಥ ಗಿಲೀಟು ಬಂದಿದೆ, ಗೇಯಸ್–ಲೂಸಿಯಸ್ ಮಾದರಿಯಲ್ಲಿ ವಿಶೇಷವಾಗಿ. ಗುರುತಿಸುವುದು ಹೇಗೆ? ತೂಕ ಕಡಿಮೆ. ಸವೆದ ಕಡೆ, ದೊರೆಯ ಕೆನ್ನೆ ಮತ್ತು ಅಂಚುಗಳಲ್ಲಿ, ತಾಮ್ರದ ಕೆಂಪೋ ಕಿಲುಬಿನ ಹಸಿರೋ ಇಣುಕುತ್ತದೆ. ಬೆಳ್ಳಿಯ ತಗಡು ಗುಳ್ಳೆಯೆದ್ದು ಸಿಪ್ಪೆ ಬಿಡುತ್ತದೆ. ಇಲ್ಲಿನ ಚಿನಿವಾರರೂ ಸುಮ್ಮನೆ ನಂಬಿದವರಲ್ಲ. 1898ರಲ್ಲಿ ತಮಿಳುನಾಡಿನ ಪುದುಕೋಟೆಯಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವಕ್ಕೆ ದೊರೆಯ ತಲೆಯ ಮೇಲೆ ಉಳಿಯಿಂದ ಗೀರಿದ್ದಾರೆ. ಒಳಗೂ ಚಿನ್ನವೇ ಎಂದು ನೋಡಲೋ, ಇನ್ನು ಮುಂದೆ ಇದು ನಾಣ್ಯವಲ್ಲ ಗಟ್ಟಿ ಎಂದು ಸಾರಲೋ ಎಂಬ ಚರ್ಚೆ ಇನ್ನೂ ಇದೆ. ಬೆಳ್ಳಿ ನಾಣ್ಯಗಳಲ್ಲಿ ಉಳಿಯ ಗೀರು ಕಡಿಮೆ, ಪುಟ್ಟ ಒತ್ತುಮುದ್ರೆಗಳು ಅಲ್ಲಲ್ಲಿ ಇವೆ. ಇಂಥ ಗಾಯದ ಒಳಗೂ ಹೊರಗಿನಷ್ಟೇ ಹಳೆಯ ಕಪ್ಪು ಕಟ್ಟಿದ್ದರೆ ಅದು ಅಂದಿನ ಪರೀಕ್ಷೆ. ಅಂಥ ಗಾಯ ನಾಣ್ಯದ ಬೆಲೆ ಇಳಿಸಬಹುದು, ನಂಬಿಕೆಯನ್ನು ಏರಿಸುತ್ತದೆ.

ಹಾಗಾದರೆ ಟೈಬೀರಿಯಸ್‌ನ ಕಾಲದ ಗಿಲೀಟು ನಾಣ್ಯ ಅಸಲಿಯೋ ನಕಲಿಯೋ? ಅಂದಿನ ಚಿನಿವಾರನಿಗೆ ನಕಲಿ, ಇಂದಿನ ಇತಿಹಾಸಕಾರನಿಗೆ ಅಪ್ಪಟ ಅಸಲಿ. ಪ್ಲಿನಿಯ ಕಾಲದಲ್ಲೇ ಖೋಟಾ ನಾಣ್ಯದ ಒಳ್ಳೆಯ ಮಾದರಿಯೊಂದಕ್ಕೆ ಹಲವು ಅಸಲಿ ನಾಣ್ಯ ಕೊಟ್ಟು ಕೊಳ್ಳುವವರಿದ್ದರಂತೆ. ಹಾಗಾಗಿ ನಾಣ್ಯಶಾಸ್ತ್ರ ಕೇಳುವ ಪ್ರಶ್ನೆ ‘ಇದು ಒಳ್ಳೆಯ ಬೆಳ್ಳಿಯೇ?’ ಎಂದಲ್ಲ. ‘ಇದನ್ನು ಯಾರು, ಯಾವಾಗ, ಯಾರ ಕಣ್ಣಿಗಾಗಿ ಮಾಡಿದರು?’ ಎಂದು.

ಒಳಗಿನ ಚಿನ್ನ

ಈ ಪ್ರಶ್ನೆಗೆ ಲೋಹವೇ ಉತ್ತರಿಸಬಲ್ಲದು. ಇಂದು ಕೋಲಾರದಂಥ ಊರಿನಲ್ಲೂ ಒಡವೆಯ ಶುದ್ಧತೆ ತೋರಿಸುವ ಎಕ್ಸ್‌ಆರ್‌ಎಫ್ ಯಂತ್ರ ಅಪರಿಚಿತವಲ್ಲ. ಕ್ಷ-ಕಿರಣ ಬಿದ್ದಾಗ ಪ್ರತಿಯೊಂದು ಧಾತುವೂ ತನ್ನದೇ ಶಕ್ತಿಯ ಕಿರಣವನ್ನು ಮರಳಿ ಹೊಮ್ಮಿಸುತ್ತದೆ, ಯಂತ್ರ ಅದನ್ನು ಎಣಿಸಿ ಇಷ್ಟು ಬೆಳ್ಳಿ, ಇಷ್ಟು ತಾಮ್ರ ಎನ್ನುತ್ತದೆ. ನಾಣ್ಯಕ್ಕೆ ಗೀರೂ ಬೀಳುವುದಿಲ್ಲ. ತೊಂದರೆಯೆಂದರೆ ಬೆಳ್ಳಿಯಲ್ಲಿ ಆ ಕಿರಣಗಳು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಆಳವನ್ನೂ ಸರಿಯಾಗಿ ಕಾಣಲಾರವು. ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದ ನಾಣ್ಯದ ಮೇಲ್ಮೈಯಿಂದ ತಾಮ್ರ ಮೊದಲು ಕರಗಿಹೋಗಿ ಬೆಳ್ಳಿ ಉಳಿದುಕೊಂಡಿರುತ್ತದೆ. ರೋಮಿನವರೂ ಹೊಡೆಯುವ ಮುನ್ನವೇ ಬಿಲ್ಲೆಯ ಮೇಲ್ಮೈಯ ತಾಮ್ರವನ್ನು ತೆಗೆದು ಬೆಳ್ಳಗೆ ಮಾಡುತ್ತಿದ್ದರು. ಹಾಗಾಗಿ ಯಂತ್ರ ತೋರಿಸುವುದು ನಾಣ್ಯದ ಹೊರ ಮೈಯನ್ನು, ಒಡಲನ್ನಲ್ಲ.

ಇದರಿಂದ ಇತಿಹಾಸದ ಲೆಕ್ಕವೇ ತಪ್ಪಿತ್ತು. ಮೇಲ್ಮೈಯ ಅಳತೆಗಳನ್ನು ನಂಬಿ, ಕ್ರಿ.ಶ. 64ರ ನೀರೋನ ನಾಣ್ಯದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬೆಳ್ಳಿಯಿದೆ ಎಂದುಕೊಂಡಿದ್ದರು. ಬ್ರಿಟನ್ನಿನ ಕೆವಿನ್ ಬುಚರ್ ಮತ್ತು ಮ್ಯಾಥ್ಯೂ ಪಾಂಟಿಂಗ್ ಅಂಚಿನಿಂದ ಸಣ್ಣ ಕಂಡಿ ಕೊರೆದು ಒಳಗಿನ ಲೋಹ ತೆಗೆದು ನೋಡಿದಾಗ ಅದು 80ರ ಆಸುಪಾಸು. ಅವರ ಸಮಗ್ರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆಗಸ್ಟಸ್, ಟೈಬೀರಿಯಸ್‌ರ ಹೆಚ್ಚುಕಡಿಮೆ ಅಪ್ಪಟ ಬೆಳ್ಳಿಯ ಮುಂದೆ ಇದು ದೊಡ್ಡ ಕುಸಿತ. ದಕ್ಷಿಣ ಭಾರತದ ನಿಧಿಗಳಲ್ಲಿ ಈ ಇಬ್ಬರದ್ದೇ ನಾಣ್ಯಗಳು ತುಂಬಿರುವುದಕ್ಕೆ ಒಂದು ವಿವರಣೆಯೂ ಇಲ್ಲಿದೆ. ಬೆಳ್ಳಿಯ ತೂಕಕ್ಕೆ ಬೆಲೆ ಕಟ್ಟುವ ಊರಿಗೆ ಹೊರಟ ವರ್ತಕ ನೀರೋನ ನಂತರವೂ ಹಳೆಯ, ಕಲಬೆರಕೆಯಿಲ್ಲದ ನಾಣ್ಯಗಳನ್ನೇ ಆರಿಸಿ ತಂದಿರಬಹುದು. ಬೆಳ್ಳಿ ಬಂದದ್ದೇ ಆ ಇಬ್ಬರ ಕಾಲದಲ್ಲಿ ಎನ್ನುವವರೂ ಇದ್ದಾರೆ.

ಕಾಲ ಹೇಳುವ ಅತ್ಯುತ್ತಮ ಸುಳಿವು ಬೆಳ್ಳಿಯ ಪಾಲಿನಲ್ಲಿಲ್ಲ, ಬೆಳ್ಳಿಯ ಜೊತೆಗಿರುವ ಚೂರುಪಾರಿನಲ್ಲಿದೆ. ಅಂದು ಬೆಳ್ಳಿ ತೆಗೆಯುತ್ತಿದ್ದುದು ಹೆಚ್ಚಾಗಿ ಸೀಸದ ಅದಿರಿನಿಂದ. ಬೆಳ್ಳಿ ಸೇರಿಕೊಂಡ ಸೀಸವನ್ನು ಗಾಳಿಯೂದಿ ಪುಟವಿಟ್ಟರೆ ಸೀಸ ಸುಟ್ಟು ಭಸ್ಮವಾಗಿ ಬೇರೆಯಾಗುತ್ತದೆ, ಜೊತೆಗೆ ತಾಮ್ರ, ತವರ ಮುಂತಾದ ಕೀಳು ಲೋಹಗಳೂ ಹೋಗುತ್ತವೆ. ಹೋಗದಿರುವುದು ಚಿನ್ನ. ಅದಿರಿನಲ್ಲಿದ್ದ ಅಷ್ಟಿಷ್ಟು ಚಿನ್ನ ಬೆಳ್ಳಿಯೊಳಗೇ ಉಳಿಯುತ್ತದೆ, ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಸುಟ್ಟುಹೋಗದ ಸೀಸದ ಲೇಶವೂ ಬಿಸ್ಮತ್ತಿನ ಲೇಶವೂ ಜೊತೆಗಿರುತ್ತವೆ. ಕೋಲಾರದ ಗಣಿ ಕಂಡವರಿಗೆ ಈ ಸಂಗತಿಯ ಇನ್ನೊಂದು ಮಗ್ಗುಲು ಗೊತ್ತು. ಅಲ್ಲಿನ ಚಿನ್ನದಲ್ಲಿ ಸ್ವಲ್ಪ ಬೆಳ್ಳಿ ಬೆರೆತೇ ಇರುತ್ತಿತ್ತು. ಈ ಎರಡು ಲೋಹಗಳು ಪುಟದಲ್ಲಿ ಅಗಲುವುದಿಲ್ಲ, ಬೇರ್ಪಡಿಸಲು ಆಮ್ಲ, ವಿದ್ಯುತ್ತುಗಳಂಥ ಬೇರೆ ಉಪಾಯ ಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ ಬೆಳ್ಳಿಯನ್ನು ವಿದ್ಯುತ್ ಹರಿಸಿ ಶುದ್ಧ ಮಾಡುವುದು ರೂಢಿಗೆ ಬಂತು. ಆ ತೊಟ್ಟಿಯಲ್ಲಿ ಚಿನ್ನ ಕರಗದೆ ತಳದಲ್ಲಿ ಉಳಿಯುತ್ತದೆ, ಲೇಶವನ್ನೂ ಬಿಡದೆ ಅದನ್ನು ಬಾಚಿ ಮಾರುತ್ತಾರೆ. ಇವತ್ತಿನ ಬೆಳ್ಳಿ ಗಟ್ಟಿಯಲ್ಲಿ ಚಿನ್ನವೂ ಇಲ್ಲ, ಸೀಸವೂ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಟೈಬೀರಿಯಸ್‌ನ ನಾಣ್ಯ 99.9 ಶುದ್ಧ ಎಂದು ಯಂತ್ರ ಹೊಗಳಿದರೆ ಸಂತೋಷಪಡಬೇಡಿ, ಅನುಮಾನ ಪಡಿ. ಜೊತೆಗೆ ಕ್ಯಾಡ್ಮಿಯಂ ಕಂಡರೆ ಅನುಮಾನವೂ ಬೇಡ. ನಮ್ಮ ಅಂಗಡಿಗಳಲ್ಲಿ ಕೆಡಿಎಂ ಎಂದು ಹೆಸರಾದ ಬೆಸುಗೆಯ ಲೋಹ ಅದು, ಅದನ್ನು ಕಂಡುಹಿಡಿದದ್ದೇ 1817ರಲ್ಲಿ.

ಇಲ್ಲಿಗೂ ಆಟ ಮುಗಿಯುವುದಿಲ್ಲ. ಸವೆದು ಮುಖ ಅಳಿದ ಹಳೆಯ ರೋಮನ್ ನಾಣ್ಯಗಳನ್ನು ಕರಗಿಸಿ ಅದೇ ಬೆಳ್ಳಿಯಿಂದ ದುಬಾರಿ ಮಾದರಿಯನ್ನು ಹೊಡೆಯುವ ವಂಚಕರಿದ್ದಾರೆ. ರಸಾಯನ ಶಾಸ್ತ್ರ ಅಲ್ಲಿ ಕೈಚೆಲ್ಲುತ್ತದೆ. ಆಗ ಬೇಕಾಗುವುದು ಸೂಕ್ಷ್ಮದರ್ಶಕ. ಬೆಳ್ಳಿ ಸಣ್ಣ ಸಣ್ಣ ಹರಳುಗಳ ಒಟ್ಟಿಲು. ಶತಮಾನಗಳು ಉರುಳಿದಂತೆ ಅದರೊಳಗಿನ ತಾಮ್ರ, ಸೀಸ ಹರಳುಗಳ ಸಂದಿಗೆ ಸರಿದು ಸೇರುತ್ತವೆ, ಮಣ್ಣಿನ ಉಪ್ಪು ಆ ಸಂದಿಗಳಲ್ಲೇ ಇಳಿದು ಲೋಹವನ್ನು ತಿನ್ನುತ್ತದೆ. ಬೆಳ್ಳಿ ಪೆಡಸಾಗುತ್ತದೆ, ನೆಲಕ್ಕೆ ಬಿದ್ದರೆ ಒಡೆಯುವಷ್ಟು. ಹೀಗೆ ಒಳಗಿನವರೆಗೆ ಇಳಿದ ಸವೆತವನ್ನು ಔಷಧಿ ಹಚ್ಚಿ ಒಂದು ವಾರದಲ್ಲಿ ತರಿಸಲಾಗದು. ಮೇಲಿನ ಕಪ್ಪನ್ನು ಗಂಧಕದಿಂದ ಒಂದು ಗಂಟೆಯಲ್ಲಿ ತರಿಸಬಹುದು.

ಒಬ್ಬ ವಂಚಕ ತೂಕವನ್ನು ಸರಿತೂಗಿಸಬಲ್ಲ. ಇನ್ನೊಬ್ಬ ಅಚ್ಚನ್ನು ಕೊರೆಯಬಲ್ಲ. ಮತ್ತೊಬ್ಬ ಹಳೆಯ ಬೆಳ್ಳಿ ತರಬಲ್ಲ. ಬರಹ, ತೂಕ, ಅಂಚು, ಲೇಶ ಲೋಹ, ಒಳ ಸವೆತ ಎಲ್ಲವನ್ನೂ ಒಂದೇ ನಾಣ್ಯದಲ್ಲಿ ಹೊಂದಿಸುವುದು ನಾಣ್ಯದ ಬೆಲೆಗಿಂತ ದುಬಾರಿ. ಪರೀಕ್ಷಕನ ಬಲ ಇರುವುದು ಆ ದುಬಾರಿಯಲ್ಲೇ.

ಮಣ್ಣಿನ ಮಾತು

ಯಾವ ಪ್ರಯೋಗಾಲಯವೂ ಕೊಡಲಾಗದ ಸಾಕ್ಷಿ ಒಂದಿದೆ: ನಾಣ್ಯ ಸಿಕ್ಕ ಜಾಗ. ಯಶವಂತಪುರದ ಮಡಕೆಯಲ್ಲಿ ಕ್ಲಾಡಿಯಸ್‌ನ ನಾಣ್ಯ ಇದ್ದುದರಿಂದಲೇ ಅದನ್ನು ಹೂತದ್ದು ಅವನ ಕಾಲಕ್ಕಿಂತ ಮೊದಲಲ್ಲ ಎಂದು ಹೇಳಲು ಬರುವುದು. ಆ ಕೆಲವು ನಾಣ್ಯಗಳನ್ನು ಯಾರಾದರೂ ಮೊದಲೇ ಎತ್ತಿಟ್ಟುಕೊಂಡಿದ್ದರೆ ಇಡೀ ನಿಧಿಯ ಕಾಲ ಹಿಂದಕ್ಕೆ ಜಾರುತ್ತಿತ್ತು, ಮತ್ತು ಅದು ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಚಂದ್ರವಳ್ಳಿಯ ಬಿಡಿ ನಾಣ್ಯಗಳು ಬೆಂಗಳೂರಿನ ನೂರಾರು ನಾಣ್ಯಗಳಿಗಿಂತ ಹೆಚ್ಚು ಮಾತನಾಡುವುದೂ ಇದಕ್ಕೇ. ಅವುಗಳ ಜೊತೆಗೆ ಮನೆ, ಮಡಕೆ, ಸ್ಥಳೀಯ ನಾಣ್ಯಗಳಿವೆ.

ಕೋಲಾರ ಸೀಮೆಯಲ್ಲಿ ನೆಲ ಅಗೆಯುವುದು ನಿತ್ಯದ ಕೆಲಸ. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿಗೆ ಮಣ್ಣು ತೆಗೆಯುತ್ತಾರೆ, ಶ್ರೀನಿವಾಸಪುರದಲ್ಲಿ ಮಾವಿನ ಸಸಿಗೆ ಗುಂಡಿ, ಮುಳಬಾಗಿಲಿನಲ್ಲಿ ಕೃಷಿ ಹೊಂಡ, ಎಲ್ಲೆಡೆ ಕೆರೆಯ ಹೂಳು. ಸನಿಕೆಗೆ ಕುಡಿಕೆ ಸಿಕ್ಕರೆ ಮೊದಲ ಆಸೆ ತೊಳೆದು ನೋಡುವುದು. ಹುಣಸೆಹಣ್ಣು, ನಿಂಬೆರಸ, ಹಲ್ಲುಪುಡಿ ಯಾವುದೂ ಬೇಡ. ಪೆಡಸಾದ ಬೆಳ್ಳಿಯ ಮೇಲ್ಮೈ ಎದ್ದುಹೋಗುತ್ತದೆ, ಮೇಲೆ ಹೇಳಿದ ಅರ್ಧ ಸಾಕ್ಷಿಗಳು ನೀರುಪಾಲಾಗುತ್ತವೆ. ಕುಡಿಕೆ ಒಡೆದಿದ್ದರೆ ಚೂರುಗಳನ್ನೂ, ಒಳಗಿನ ಮಣ್ಣನ್ನೂ ಹಾಗೇ ಇಡಬೇಕು, ಜಾಗದ ಫೋಟೊ ತೆಗೆಯಬೇಕು, ಎಷ್ಟು ಆಳದಲ್ಲಿತ್ತೆಂದು ಬರೆದಿಡಬೇಕು, ನಾಣ್ಯಗಳನ್ನು ಹಂಚಿಕೊಳ್ಳಬಾರದು. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆಯ ಕಾಲದಿಂದ ಕಾನೂನಿದೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಮುಚ್ಚಿಡುವುದು ಅಪರಾಧ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ.

ಇದರ ತಿರುವುಮುರುವು ಕೊಳ್ಳುವವರ ಪಾಠ. ‘ಪಾಯ ತೆಗೆಯುವಾಗ ಸಿಕ್ಕಿತು, ಯಾರಿಗೂ ಹೇಳಬೇಡಿ’ ಎಂದು ಪಿಸುಗುಡುತ್ತಾ ಬರುವ ನಾಣ್ಯ ಖೋಟಾ ಆಗಿದ್ದರೆ ದುಡ್ಡು ಹೋಯಿತು. ಅಸಲಿ ಆಗಿದ್ದರೆ ಕಾನೂನಿನ ಕೈಗೆ ಸಿಕ್ಕಿದಿರಿ. ಮೂರನೆಯ ದಾರಿ ಇಲ್ಲ.

ಮೂಲ ಗೊತ್ತಿಲ್ಲದ ಡಿನೇರಿಯಸ್ ಎಲ್ಲ ಪರೀಕ್ಷೆಗಳಲ್ಲೂ ಗೆದ್ದರೂ ಹೇಳುವುದು ಟೈಬೀರಿಯಸ್‌ನ ವಿಷಯವನ್ನು. ಅವನ ಬಗ್ಗೆ ರೋಮಿನವರೇ ಬೇಕಾದಷ್ಟು ಬರೆದಿಟ್ಟಿದ್ದಾರೆ. ಅದೇ ನಾಣ್ಯ ತನ್ನ ಮಡಕೆ, ಮಣ್ಣು, ಜೊತೆಯವುಗಳೊಂದಿಗೆ ಸಿಕ್ಕರೆ ಈ ಸೀಮೆಯಲ್ಲಿ ಅಂದು ಯಾರಿದ್ದರು, ಏನನ್ನು ಮಾರಿ ಆ ಬೆಳ್ಳಿಯನ್ನು ಗಳಿಸಿದರು, ಯಾವ ದಾರಿಯಲ್ಲಿ ಅದು ಬಂತು ಎಂಬುದನ್ನು ಹೇಳುತ್ತದೆ. ಅದನ್ನು ಬರೆದಿಟ್ಟವರು ಯಾರೂ ಇಲ್ಲ.